ಸೊಳ್ಳೆಪರದೆಯೊಳಗೆ ಎಂಟು ಎಳೆ

ಅರಸೀಕೆರೆಯ ನಮ್ಮ ನೆಟ್‌ವರ್ಕ್ ಅಂಗಡಿಗೆ ಹಳೇಬೀಡಿನಿಂದ ಫೋನು ಬಂದಾಗಲೆಲ್ಲ ಮೊದಲ ಮಾತು ಒಂದೇ: "ಆಫ್ ಮಾಡಿ ಆನ್ ಮಾಡಿದ್ವಿ ಮೇಡಂ. ಈಗ ಸರಿ ಇದೆ. ಆದ್ರೆ ಸಂಜೆ ಮತ್ತೆ ಹಾಗೇ ಆಗುತ್ತೆ." ಕೇಳಿದರೆ ನನಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿಯುತ್ತಿತ್ತು. ಜ್ವರ ಇಳಿಸಿಕೊಂಡು ಆಮೇಲೆ ಡಾಕ್ಟರನ್ನು ಕರೆಸಿದರೆ ಅವರಾದರೂ ಏನು ಕಂಡುಹಿಡಿಯಬೇಕು? ನೆಟ್‌ವರ್ಕ್ ಸ್ವಿಚ್ಚು ಎನ್ನುವ ಪೆಟ್ಟಿಗೆ ಕೇಬಲ್ಲು ಸಿಕ್ಕಿಸುವ ತನ್ನ ಒಂದೊಂದು ಪೋರ್ಟಿನಲ್ಲೂ ಎಷ್ಟು ಮಾಹಿತಿ ಸರಿಯಾಗಿ ಬಂತು, ಎಷ್ಟು ಕೆಟ್ಟು ಬಂತು ಎಂದು ಎಣಿಸುತ್ತಲೇ ಇರುತ್ತದೆ. ಆಫ್ ಮಾಡಿದರೆ ಆ ಎಣಿಕೆ ಸೊನ್ನೆಗೆ ಬರುತ್ತದೆ. ನಾನು ಅರಸೀಕೆರೆಯಿಂದ ಸ್ಕೂಟರ್ ಹತ್ತಿ ಜಾವಗಲ್ ದಾಟಿ ಅಲ್ಲಿಗೆ ಹೋಗುವ ಹೊತ್ತಿಗೆ ಪೆಟ್ಟಿಗೆ ಏನೂ ಅರಿಯದ ಕೂಸಿನ ಹಾಗೆ ಕೂತಿರುತ್ತಿತ್ತು.

ಕರೆಯುತ್ತಿದ್ದವರು ಒಂದು ಅಧ್ಯಯನ ತಂಡದ ಮುಖ್ಯಸ್ಥರು. ಮೈಸೂರು ಕಡೆಯವರು, ಮೆತ್ತನೆ ಮಾತಿನವರು. ಅವರ ತಂಡ ಹಳೇಬೀಡಿನ ಬಸದಿಯೊಂದರ ಒಳಭಾಗವನ್ನು ಲೇಸರ್ ಸ್ಕ್ಯಾನರಿನಿಂದ ಅಳೆದು, ಇಂಚಿಂಚೂ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುತ್ತಿತ್ತು. ಮುಖ್ಯವಾಗಿ ಬೇಕಿದ್ದದ್ದು ನವರಂಗದ ಭುವನೇಶ್ವರಿ, ಎಂದರೆ ನಡುಮಂಟಪದ ಕೆತ್ತನೆಯ ಮೇಲ್ಛಾವಣಿ. ಅದಕ್ಕಾಗಿ ಒಳಗೆ ಕೊಳವೆಗಳ ಸಾರುವೆ ಕಟ್ಟಿ, ಅದರ ಮೇಲೆ ಹತ್ತಿ ಕೆಲಸ ಮಾಡುತ್ತಿದ್ದರು. ಸಾರುವೆಗೆ ಸಿಕ್ಕ ಅನುಮತಿ ಆ ಶನಿವಾರ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಬಿಚ್ಚಿದ ಮೇಲೆ ಮತ್ತೆ ಕಟ್ಟುವಂತಿರಲಿಲ್ಲ.

ತಂಡದವರು ರಾತ್ರಿ ಉಳಿಯುತ್ತಿದ್ದದ್ದು ಬೇಲೂರಿನ ಲಾಡ್ಜಿನಲ್ಲಿ. ಹಗಲು ಅವರ ಠಿಕಾಣಿ ಬಸದಿಯ ಪಕ್ಕದ ಬಸ್ತಿಹಳ್ಳಿಯ ಒಂದು ಜೈನರ ಮನೆ. ತೆಂಗಿನ ತೋಟ, ಕೊಬ್ಬರಿ ವ್ಯಾಪಾರದ ಮನೆ ಅದು. ಮಗ ಅರಸೀಕೆರೆ ಮಂಡಿಗೂ ಮನೆಗೂ ಓಡಾಡಿಕೊಂಡಿದ್ದ, ಸೊಸೆ ಅಡುಗೆಮನೆಯನ್ನು ಆಳುತ್ತಿದ್ದಳು, ಇಬ್ಬರನ್ನೂ ಸೇರಿಸಿ ಊರಿನ ಅರ್ಧದಷ್ಟನ್ನು ಯಜಮಾನಿ ಆಳುತ್ತಿದ್ದರು. ಎಲ್ಲರೂ ಅವರನ್ನು ಅಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಅಮ್ಮನ ಬೆನ್ನು ಪೂರ್ತಿ ಬಾಗಿಹೋಗಿತ್ತು. ಕತ್ತು ಮೇಲಕ್ಕೆ ಏಳುತ್ತಿರಲಿಲ್ಲ. ಬಂದವರನ್ನು ಅವರು ಕಾಲು ನೋಡಿ ಗುರುತಿಸುತ್ತಿದ್ದರು. ನಾನು ಮೊದಲ ಸಲ ಹೊಸ್ತಿಲಲ್ಲಿ ನಿಂತಾಗ ನನ್ನ ಪಾದಗಳನ್ನೇ ನೋಡುತ್ತಾ, "ಗಾಡಿ ಓಡ್ಸೋಳ ಕಾಲು. ಕೋಪಿಷ್ಠೆ ಬೇರೆ. ಚಪ್ಲಿ ಬಿಟ್ಟಿರೋ ರೀತಿ ನೋಡಿದ್ರೇ ಗೊತ್ತಾಗುತ್ತೆ" ಎಂದರು. ತಿರುಗಿ ನೋಡಿದೆ. ಒಂದು ಚಪ್ಪಲಿ ಮೆಟ್ಟಿಲ ಮೇಲೆ, ಇನ್ನೊಂದು ಅಂಗಳದಲ್ಲಿ ಮಗುಚಿಕೊಂಡು ಬಿದ್ದಿತ್ತು.

ಅಷ್ಟು ದಿನ ಮನೆ ಬಿಟ್ಟುಕೊಟ್ಟಿದ್ದಕ್ಕೆ ಅಮ್ಮ ಒಂದು ಕಾಸೂ ಬಾಡಿಗೆ ಕೇಳಿರಲಿಲ್ಲ. ಒಂದೇ ಒಂದು ಕರಾರು ಹಾಕಿದ್ದರು. "ನಂಗೆ ಆ ಭುವನೇಶ್ವರೀನ ಒಂದ್ಸಲ ನೆಟ್ಟಗೆ ತೋರ್ಸಿ, ಅಷ್ಟೇ ಸಾಕು" ಎಂದಿದ್ದರಂತೆ. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಒಮ್ಮೆ ನೋಡಿದ್ದು. ಆಮೇಲೆ ಮನೆ, ಮಕ್ಕಳು, ಕೊಬ್ಬರಿ ಎಂದು ದಿನಾ ಬಸದಿಗೆ ಹೋದರೂ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಪುರುಸೊತ್ತು ಆಗುವ ಹೊತ್ತಿಗೆ ತಲೆಯೇ ಏಳದಾಯಿತು. ಅಂಗಾತ ಮಲಗಿ ನೋಡೋಣವೆಂದರೆ ಗೂನು ಬಿಡುತ್ತಿರಲಿಲ್ಲ. ಒಮ್ಮೆ ಸೊಸೆ ಕೆಳಗೆ ಕನ್ನಡಿ ಹಿಡಿದಿದ್ದಳಂತೆ, ಕತ್ತಲಲ್ಲಿ ಕತ್ತಲೆಯೇ ಕಂಡಿತಂತೆ. ಮೊಬೈಲಿನಲ್ಲಿ ತೆಗೆದರೆ ಫ್ಲಾಶಿನ ಬಿಳಿ ಚುಕ್ಕೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

"ಮಾತು ಕೊಟ್ಟುಬಿಟ್ಟಿದೀನಿ ಮೇಡಂ" ಎಂದು ಮುಖ್ಯಸ್ಥರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಇಲ್ಲಿಂದ ಹೋದ ಮೇಲೆ ಈ ಯಂತ್ರಗಳೆಲ್ಲ ಬೇರೆ ಊರಿಗೆ ಹೋಗ್ತವೆ. ಅಮ್ಮ ಮೈಸೂರಿನವರೆಗೂ ಕಾರಲ್ಲಿ ಕೂರೋ ಸ್ಥಿತಿಯಲ್ಲಿಲ್ಲ. ಇಲ್ಲೇ, ಈ ವಾರವೇ ತೋರಿಸ್ಬೇಕು. ಆದ್ರೆ ಮಾಹಿತಿ ಒಳಗಿನ ಕಂಪ್ಯೂಟರ್‌ಗೆ ಹೋಗಿ ಸೇರಿದ್ರೆ ತಾನೆ ಕಟ್ಟೋದು?"

ಹೋಗಿ ಸೇರುತ್ತಿರಲಿಲ್ಲ, ಅದೇ ತೊಂದರೆ. ಮುಂದಿನ ಪಡಸಾಲೆಯಲ್ಲಿ ತಂಡದ ಲ್ಯಾಪ್‌ಟಾಪುಗಳು, ಅವನ್ನೆಲ್ಲ ಸೇರಿಸುವ ನಮ್ಮ ಅಂಗಡಿಯ ಸ್ವಿಚ್ಚು. ಅಲ್ಲಿಂದ ಗೋಡೆಯೊಳಗಿನ ಒಂದು ಕೇಬಲ್ಲು ಹಿಂದಿನ ಉಗ್ರಾಣಕ್ಕೆ ಹೋಗುತ್ತಿತ್ತು. ದಪ್ಪ ಮಣ್ಣಿನ ಗೋಡೆಯ ತಂಪಾದ ಕೋಣೆ ಅದು, ಇನ್ವರ್ಟರ್ ಲೈನೂ ಅಲ್ಲೇ ಇತ್ತು. ಚಿತ್ರ ಕಟ್ಟುವ ದೊಡ್ಡ ಕಂಪ್ಯೂಟರನ್ನು ಅಲ್ಲೇ, ರಾಗಿ ಮೂಟೆಗಳ ಪಕ್ಕ ಇಟ್ಟಿದ್ದರು. ಅದಕ್ಕೂ ಮಾಹಿತಿ ಕೂಡಿಡುವ ಡಿಸ್ಕ್ ಪೆಟ್ಟಿಗೆಗೂ ಸೇರಿ ತಂಡದವರೇ ತಂದ ಇನ್ನೊಂದು ಸ್ವಿಚ್ಚು. ಉಗ್ರಾಣದಲ್ಲಿ ಇನ್ನು ಕಾಲಿಡಲು ಜಾಗವಿರಲಿಲ್ಲ, ಬಸದಿಯ ಬಾವಲಿ ಹಿಕ್ಕೆ ಮೆತ್ತಿದ ಬಟ್ಟೆಯಲ್ಲಿ ಅಲ್ಲಿಗೆ ಹೋಗಲು ಅಮ್ಮ ಬಿಡುತ್ತಲೂ ಇರಲಿಲ್ಲ.

ಮೊದಲ ಸಲ ಹೋದಾಗ ಬೆಳಗಿನ ಹೊತ್ತು. ಪಡಸಾಲೆಯಿಂದ ಒಳಗಿನ ಕಂಪ್ಯೂಟರಿಗೆ ಪಿಂಗ್ ಮಾಡಿದೆ. ಕೂಗಿದ ತಕ್ಷಣ ಓ ಎನ್ನುತ್ತಿತ್ತು, ಒಂದೂ ತಪ್ಪಲಿಲ್ಲ. ಒಂದು ಫೈಲು ಕಳಿಸಿದೆ, ಹೋಯಿತು. ನಮ್ಮ ಸ್ವಿಚ್ಚಿನ ಸೆಟ್ಟಿಂಗ್ ತೆರೆದು ಆ ಪೋರ್ಟ್ ನೋಡಿದೆ: ವೇಗ ನೂರು ಮೆಗಾಬಿಟ್, ಫುಲ್ ಡ್ಯೂಪ್ಲೆಕ್ಸ್. ಅದು ನಮ್ಮ ಬಾಸ್ ಕೈಯಾರೆ ನಿಗದಿ ಮಾಡಿಟ್ಟದ್ದು. ತಪ್ಪಿಲ್ಲ ಅನ್ನಿಸಿತು. ಲ್ಯಾಪ್‌ಟಾಪಿನ ಕಡೆಯ ಸಣ್ಣ ಕೇಬಲ್ಲುಗಳನ್ನೆಲ್ಲ ಬದಲಿಸಿ ಬಂದೆ. ಮರುದಿನ ಮತ್ತೆ ಫೋನು. ಆಫ್ ಮಾಡಿ ಆನ್ ಮಾಡಿದ್ವಿ ಮೇಡಂ.

ಎರಡನೇ ಸಲ ಹಟ ಹಿಡಿದು ಸಂಜೆಯವರೆಗೂ ಕೂತೆ. ಹೊತ್ತು ಇಳಿಯುತ್ತಿದ್ದಂತೆ ಜೀಪು ಬಂತು. ತಂಡದವರೆಲ್ಲ ಒಟ್ಟಿಗೆ ಇಳಿದರು, ಕ್ಯಾಮೆರಾ ಕಾರ್ಡುಗಳನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಕಾಪಿ ಒತ್ತಿ, ಕೈಕಾಲು ತೊಳೆಯಲು ಓಡಿದರು. ನಾನು ಸ್ವಿಚ್ಚಿನ ಮುಂದೆ ಕೂರಲು ಹೊರಟೆ. ಅಮ್ಮನ ದನಿ ಬಂತು.

"ಏ ಗಾಡಿ ಕಾಲಿನೋಳೆ, ಎದ್ದೇಳು. ಎಲೆ ಹಾಕೈತೆ."

"ಆಮೇಲೆ ಉಣ್ತೀನಿ ಅಮ್ಮ, ಸ್ವಲ್ಪ ಕೆಲ್ಸ..."

"ಆಮೇಲೆ ಅನ್ನೋದು ಈ ಮನೇಲಿ ಇಲ್ಲ ಕಣಮ್ಮ. ಹೊತ್ತು ಮುಳುಗಿದ್ ಮೇಲೆ ಇಲ್ಲಿ ಯಾರೂ ಬಾಯಿಗೆ ಏನೂ ಹಾಕಲ್ಲ. ಒಲೆನೂ ಹಚ್ಚಲ್ಲ. ಎದ್ದು ಬಾ."

ಎದ್ದು ಹೋದೆ. ಬಿಸಿ ಅನ್ನ, ತೊಗರಿ ಸಾರು, ಹಸಿ ಬಾಳೆಕಾಯಿ ಪಲ್ಯ. ಸೊಸೆ ಬಡಿಸುವ ರೀತಿಗೆ ಸಾಕು ಎನ್ನಲು ಬಾಯಿ ಬರುತ್ತಿರಲಿಲ್ಲ. ಉಂಡು ಬಂದು ನೋಡುವಷ್ಟರಲ್ಲಿ ಕಾಪಿ ಅರ್ಧಕ್ಕೇ ನಿಂತಿತ್ತು. ಮುಖ್ಯಸ್ಥರು ನನಗಿಂತ ಮೊದಲೇ ಎಲೆ ಬಿಟ್ಟೆದ್ದು ಬಂದು, ನನಗೆ ಸಹಾಯವಾಗಲಿ ಎಂದು, ಸ್ವಿಚ್ಚು ಆಫ್ ಮಾಡಿ ಆನ್ ಮಾಡಿದ್ದರು!

ಆಗ ಬೈಯಲಿಲ್ಲ. ಊಟದ ಮನೆಯಲ್ಲಿ ಬೈಯಬಾರದು ಎಂದು ನುಂಗಿಕೊಂಡೆ. ಆದರೆ ಜಾವಗಲ್ ದಾಟಿ ಕತ್ತಲಾಗುತ್ತಿದ್ದ ರಸ್ತೆಯಲ್ಲಿ ಸ್ಕೂಟರ್ ಓಡಿಸುತ್ತಿದ್ದಾಗ ಹೊಳೆಯಿತು. ಬೇರೆ ಕಡೆಯಾದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬರುತ್ತಾರೆ, ಒಬ್ಬರ ಕಾಪಿ ಮುಗಿದ ಮೇಲೆ ಇನ್ನೊಬ್ಬರದು. ಇಲ್ಲಿ ಅಮ್ಮನ ಒಲೆ ಆರುವ ಮುಂಚೆ ಎಲ್ಲರೂ ಬರಲೇಬೇಕು, ಎಲ್ಲರದ್ದೂ ಒಮ್ಮೆಗೇ ಶುರುವಾಗಬೇಕು. ಆ ಮನೆಯ ನೆಟ್‌ವರ್ಕಿಗೆ ನಿಜವಾದ ಭಾರ ಬೀಳುವುದು ಊಟದ ಹೊತ್ತಿನಲ್ಲಿ ಮಾತ್ರ. ಆ ಹೊತ್ತಿನಲ್ಲಿ ಸ್ವಿಚ್ಚಿನ ಎದುರು ಯಾರೂ ಇರುತ್ತಿರಲಿಲ್ಲ. ನಾನೂ ಪಂಕ್ತಿಯಲ್ಲಿ ಕೂತು ಸಾರು ಕಲಸುತ್ತಿದ್ದೆ.

ಮತ್ತೆ ಹೋದದ್ದು ಶುಕ್ರವಾರ. ಮರುದಿನ ಸಾರುವೆ ಬಿಚ್ಚುವ ದಿನ. ಅಷ್ಟೂ ದಿನದ ಮಾಹಿತಿ ಲ್ಯಾಪ್‌ಟಾಪುಗಳಲ್ಲೇ ಜಮೆಯಾಗಿ ಕೂತಿತ್ತು. ಭುವನೇಶ್ವರಿಯಲ್ಲಿ ಎಲ್ಲಾದರೂ ಸ್ಕ್ಯಾನರಿನ ಕಣ್ಣಿಗೆ ಬೀಳದ ತೂತು ಉಳಿದಿದೆಯೇ ಎಂದು ತಿಳಿಯಬೇಕಾದರೆ ಬೆಳಗಿನೊಳಗೆ ಎಲ್ಲ ಒಳಗೆ ಸೇರಿ ಒಂದು ಕರಡು ಚಿತ್ರವಾದರೂ ಕಟ್ಟಬೇಕಿತ್ತು. ಅಲ್ಲಿನ ಕಂಬಗಳು ಎಷ್ಟು ನುಣುಪೆಂದರೆ ಲೇಸರ್ ಕಿರಣವೇ ಜಾರಿ ಎಲ್ಲೆಲ್ಲೋ ಹೋಗುತ್ತಿತ್ತಂತೆ, ಹಾಗಾಗಿ ತೂತು ಉಳಿಯದೆ ಇರುವುದಿಲ್ಲ ಎಂದು ಮುಖ್ಯಸ್ಥರು ಹೇಳಿದ್ದರು.

ಜೀಪು ಬಂತು. ಕಾಪಿ ಶುರುವಾಯಿತು. ಅಮ್ಮ ಕರೆದರು. "ಇವತ್ತು ಉಪವಾಸ ಅಮ್ಮ" ಎಂದೆ.

"ಯಾವ ವ್ರತ?"

"ಸ್ವಿಚ್ಚಿನ ವ್ರತ."

ಅಮ್ಮ ನಕ್ಕರು. "ಬೆಳಗಾನ ಹಸ್ಕೊಂಡಿರು. ನಂಗೇನು" ಎಂದು ಹೋದರು.

ಎಲ್ಲರೂ ಊಟಕ್ಕೆ ಹೋದ ಮೇಲೆ ನಾನೊಬ್ಬಳೇ ಪರದೆಯ ಮುಂದೆ ಕೂತು ಉಗ್ರಾಣದ ಕಡೆಯ ಪೋರ್ಟಿನ ಎಣಿಕೆ ನೋಡತೊಡಗಿದೆ. ಮೊದಲು ಎಲ್ಲ ಸರಿ ಇತ್ತು. ಎರಡನೇ ಲ್ಯಾಪ್‌ಟಾಪು ಸೇರಿತು, ಮೂರನೆಯದು ಸೇರಿತು. ಕೆಟ್ಟು ಬಂದ ತುಣುಕುಗಳ ಅಂಕಿ ಮೇಲೇರಲು ಶುರುವಾಯಿತು. ಪ್ರತಿ ಸಲ ನೋಡಿದಾಗಲೂ ಹಿಂದಿನದಕ್ಕಿಂತ ಹೆಚ್ಚು. ಖಾಲಿ ಇದ್ದಾಗ ಆರೋಗ್ಯ, ಭಾರ ಬಿದ್ದಾಗ ಮಾತ್ರ ಹೀಗೆ ಕೆಡುವ ರೋಗ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದೇ. ಪಂಕ್ತಿಯಲ್ಲಿದ್ದ ತಂಡದವರಿಂದ ಪಾಸ್‌ವರ್ಡ್ ಕೇಳಿಕೊಂಡು ಬಂದು, ಪಡಸಾಲೆಯಿಂದಲೇ ಉಗ್ರಾಣದ ಸ್ವಿಚ್ಚಿನ ಸೆಟ್ಟಿಂಗ್ ಪುಟ ತೆರೆದೆ. ಅದೇ ಕೇಬಲ್ಲಿನ ಆ ತುದಿಯಲ್ಲಿ ಬರೆದಿತ್ತು: ಆಟೋ. ವೇಗ ನೂರು. ಹಾಫ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫುಲ್ ಎಂದರೆ ಎರಡು ಸಾಲಿನ ಸೇತುವೆ, ಹೋಗುವ ಗಾಡಿ ಬರುವ ಗಾಡಿ ಒಟ್ಟಿಗೇ ಓಡಾಡಬಹುದು. ಹಾಫ್ ಎಂದರೆ ಒಂಟಿ ಸೇತುವೆ, ಒಂದು ಕಡೆಯವರು ದಾಟುವವರೆಗೆ ಇನ್ನೊಂದು ಕಡೆಯವರು ಕಾಯಬೇಕು. ಆಟೋ ನೆಗೋಶಿಯೇಶನ್ ಇರುವ ಎರಡು ಪೋರ್ಟುಗಳು ಕೇಬಲ್ಲು ಸೇರಿದೊಡನೆ ತಮ್ಮ ತಮ್ಮ ಶಕ್ತಿಯನ್ನು ಹೇಳಿಕೊಂಡು, ಇಬ್ಬರಿಗೂ ಆಗುವ ಅತ್ಯುತ್ತಮ ವೇಗಕ್ಕೆ ಒಪ್ಪುತ್ತವೆ. ಆದರೆ ಒಂದು ಕಡೆ ವೇಗವನ್ನು ನಿಗದಿ ಮಾಡಿಬಿಟ್ಟರೆ ಆ ಕಡೆ ಮೌನವಾಗುತ್ತದೆ. ಇನ್ನೊಂದು ಕಡೆ ಕೇಳುತ್ತದೆ, ಕಾಯುತ್ತದೆ, ಉತ್ತರವಿಲ್ಲ. ತಂತಿಯ ಮಿಡಿತ ನೋಡಿ ವೇಗ ನೂರೆಂದು ಊಹಿಸಬಲ್ಲದು, ಫುಲ್ಲೋ ಹಾಫೋ ಎಂದು ಊಹಿಸಲಾರದು. ಗೊತ್ತಿಲ್ಲದಿದ್ದರೆ ಜೋಪಾನವಾಗಿರು ಎನ್ನುವುದು ನಿಯಮ. ಹಾಗಾಗಿ ಹಾಫ್ ಹಿಡಿಯುತ್ತದೆ. ಈಗ ಒಬ್ಬರಿಗೆ ಅದು ಎರಡು ಸಾಲಿನ ಸೇತುವೆ, ಇನ್ನೊಬ್ಬರಿಗೆ ಒಂಟಿ ಸೇತುವೆ. ಗಾಡಿ ಕಡಿಮೆ ಇದ್ದಾಗ ಯಾರಿಗೂ ತಿಳಿಯುವುದಿಲ್ಲ, ಹೆಚ್ಚಾದರೆ ನಡುಸೇತುವೆಯಲ್ಲಿ ಡಿಕ್ಕಿ.

ನಮ್ಮ ಬಾಸ್ ಮೇಲೆ ಕೆಂಡದಂಥ ಕೋಪ ಬಂತು. "ಆಟೋ ನಂಬಬೇಡ, ಕಟ್ಟಿಹಾಕು" ಎನ್ನುವುದು ಅವರ ಹಳೇ ಪಾಠ. ಉಗ್ರಾಣದ ಕಡೆಯನ್ನೂ ನೂರು, ಫುಲ್ ಎಂದು ನಿಗದಿ ಮಾಡಿದೆ. ಎಣಿಕೆ ನಿಂತಿತು, ಕಾಪಿ ಸರಾಗವಾಯಿತು. ಊಟ ಮುಗಿಸಿ ಬಂದ ಮುಖ್ಯಸ್ಥರು ಪರದೆ ನೋಡಿ ಕೈಮುಗಿದರು. ಆಮೇಲೆ ಉಳಿದ ಮಾಹಿತಿ ಎಷ್ಟೆಂದು ನೋಡಿ ಕೈ ಇಳಿಸಿದರು.

"ಈ ವೇಗದಲ್ಲಿ ನಾಳೆ ಸಂಜೆ ಆಗುತ್ತೆ ಮೇಡಂ. ಅಷ್ಟೊತ್ತಿಗೆ ಸಾರುವೆ ಇರಲ್ಲ."

ಎರಡೂ ಸ್ವಿಚ್ಚುಗಳಿಗೆ ಗಿಗಾಬಿಟ್ ಶಕ್ತಿ ಇತ್ತು, ಇದರ ಹತ್ತು ಪಟ್ಟು. ಎರಡೂ ಕಡೆ ಆಟೋಗೆ ಬಿಟ್ಟರೆ ತಾವೇ ಅಲ್ಲಿಗೆ ಏರುತ್ತವೆ. ದೂರದ ತುದಿಯನ್ನು ಮೊದಲು ಬದಲಿಸು, ಹತ್ತಿರದ್ದನ್ನು ಆಮೇಲೆ ಎನ್ನುವುದು ನಮ್ಮಲ್ಲಿ ಮೊದಲ ಪಾಠ, ಇಲ್ಲದಿದ್ದರೆ ಕೂತ ಕೊಂಬೆಯನ್ನೇ ಕಡಿದುಕೊಂಡ ಹಾಗೆ. ಉಗ್ರಾಣದ ಕಡೆ ಆಟೋ ಮಾಡಿದೆ. ಆಮೇಲೆ ನಮ್ಮ ಕಡೆಯೂ ಮಾಡಿದೆ. ಪೋರ್ಟಿನ ದೀಪ ಆರಿತು. ಹತ್ತಿಕೊಳ್ಳುತ್ತದೆ ಎಂದು ಕಾದೆ. ಒಮ್ಮೆ ಮಿಣುಕಿತು, ಮತ್ತೆ ಆರಿತು. ಮತ್ತೆ ಮಿಣುಕಿತು, ಆರಿತು. ಲ್ಯಾಪ್‌ಟಾಪುಗಳಲ್ಲಿ ಒಂದಾದ ಮೇಲೊಂದು ಕಾಪಿ ಬಿದ್ದುಹೋಯಿತು. ನನ್ನ ಕಿವಿ ಬಿಸಿಯಾಯಿತು.

ಬಾಸ್‌ಗೆ ಫೋನು ಮಾಡಿದೆ. ದನಿ ಏರಿಸಿಯೇ ಕೇಳಿದೆ, ಈ ಪೋರ್ಟನ್ನು ಯಾಕೆ ಕಟ್ಟಿಹಾಕಿದ್ರಿ ಸಾರ್ ಎಂದು.

"ಆಟೋಗೆ ಬಿಟ್ಯೇನಮ್ಮ?" ಎಂದರು ತಣ್ಣಗೆ. "ಬಿಟ್ಟಿರ್ತೀಯ. ನೋಡು, ಆ ಗೋಡೇಲಿರೋ ಕೇಬಲ್ಲು ನಮ್ದಲ್ಲ. ಅವರ ಕೊಬ್ಬರಿ ಅಟ್ಟದ ಕ್ಯಾಮೆರಾಗೆ ಯಾರೋ ಎಳೆದಿದ್ದು. ಹಳೇ ಗೋಡೆ, ಕೊರೀಬೇಡಿ ಅಂದ್ರು ಅಮ್ಮ. ಕೇಬಲ್ಲಲ್ಲಿ ಎಂಟೆಳೆ ಇರ್ತವಲ್ಲ, ನಾಲ್ಕು ಕ್ಯಾಮೆರಾಗೆ ಬಿಟ್ಟು ನಾಲ್ಕು ನಾನು ತಗಂಡೆ. ನೂರಕ್ಕೆ ನಾಲ್ಕೆಳೆ ಸಾಕು. ಗಿಗಾಬಿಟ್ಗೆ ಎಂಟೂ ಬೇಕು. ಆಟೋ ಬಿಟ್ರೆ ಎರಡು ಕಡೆಯವೂ ಗಿಗಾಬಿಟ್ ಅಂತ ಒಪ್ಕಂತವೆ, ಏರಕ್ಕೋಗ್ತವೆ, ಬೀಳ್ತವೆ. ಅದ್ಕೇ ಕಟ್ಟಿದ್ದು. ನಾನು ಹಾಕ್ದಾಗ ಒಳಗೆ ಸ್ವಿಚ್ಚೆಲ್ಲಿತ್ತು? ಕಂಪ್ಯೂಟರನ್ನ ನೇರ ಸಿಕ್ಸಿ ಅದನ್ನೂ ನೂರಕ್ಕೆ ಕಟ್ಟಿದ್ದೆ."

ನನ್ನ ಕೋಪಕ್ಕೆ ಎಲ್ಲಿ ನಿಲ್ಲಬೇಕೆಂದೇ ತಿಳಿಯಲಿಲ್ಲ. ಬಾಸ್ ಮಾಡಿದ್ದು ಸರಿ. ಮಾಹಿತಿಗೆ ಜಾಗ ಸಾಲದೆ ಆಮೇಲೆ ಡಿಸ್ಕ್ ಪೆಟ್ಟಿಗೆ, ಸ್ವಿಚ್ಚು ತಂದ ತಂಡದವರೂ ಸರಿ. ಉತ್ತರ ಸಿಗದೆ ಹಾಫ್ ಹಿಡಿದ ಪೋರ್ಟೂ ಸರಿ. ಹೊತ್ತು ಮುಳುಗುವ ಮುಂಚೆ ಉಣ್ಣಿಸುವ ಅಮ್ಮನದಂತೂ ತಪ್ಪೇ ಅಲ್ಲ. ಎಲ್ಲ ಸರಿಗಳೂ ಸೇರಿ ಒಂದು ಕೆಲಸವನ್ನು ನಿಲ್ಲಿಸಿದ್ದವು.

ಹೊಸ ಕೇಬಲ್ಲು ಎಳೆಯೋಣವೆಂದರೆ ನನ್ನ ಸುರುಳಿ ಕಣಕಟ್ಟೆಯ ಒಂದು ಕೆಲಸದಲ್ಲಿ ಉಳಿದಿತ್ತು. ಇದ್ದ ದಾರಿ ಒಂದೇ, ಕ್ಯಾಮೆರಾದ ನಾಲ್ಕೆಳೆಯನ್ನೂ ಕಿತ್ತುಕೊಳ್ಳುವುದು. ಅದು ಹಳೇ ಮಾದರಿಯ ಕ್ಯಾಮೆರಾ, ಸ್ವಿಚ್ಚಿಗೆ ಸಿಕ್ಕಿಸಿದರೆ ನಡೆಯುವಂಥದ್ದಲ್ಲ. ಅಟ್ಟದ ತುಂಬ ವರ್ಷದ ಕೊಬ್ಬರಿ. ಇನ್ನೊಂದು ತೊಡಕು ಅದಕ್ಕಿಂತ ದೊಡ್ಡದು. ಉಗ್ರಾಣದ ಬಾಗಿಲಿಗೆ ಆಗಲೇ ಬೀಗ ಬಿದ್ದಿತ್ತು. ಹೊತ್ತು ಮುಳುಗಿದ ಮೇಲೆ ಆ ಬಾಗಿಲು ತೆರೆಯುವುದಿಲ್ಲ, ಅಲ್ಲಿ ದೀಪ ಹಚ್ಚುವುದಿಲ್ಲ. ಬೆಳಕಿಗೆ ಹುಳ ಬರುತ್ತದೆ, ಕಾಳಿಗೆ ಬೀಳುತ್ತದೆ, ಸಾಯುತ್ತದೆ. ಅಮ್ಮ ಸೊಸೆಯಾಗಿ ಬಂದಾಗಿನಿಂದ ಈ ನಿಯಮ ಮುರಿದದ್ದಿಲ್ಲವಂತೆ.

ಕೇಳುವುದೋ ಬೇಡವೋ ಎಂದು ನಾನೂ ಮುಖ್ಯಸ್ಥರೂ ಮುಖ ಮುಖ ನೋಡಿಕೊಂಡೆವು. ನಾನೇ ಹೋಗಿ ಅಮ್ಮನ ಮುಂದೆ ನೆಲದ ಮೇಲೆ ಕೂತೆ. ಹಾಗೆ ಕೂತರೆ ಮಾತ್ರ ಅವರಿಗೆ ನನ್ನ ಮುಖ ಕಾಣುತ್ತಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದೆ.

ಅಮ್ಮ ಪೂರ್ತಿ ಕೇಳಿಸಿಕೊಂಡರು. "ಕ್ಯಾಮರಾ ಕಿತ್ತಾಕು. ಅದು ಬರೋಕ್ ಮುಂಚೆ ಕೊಬ್ಬರೀನ ಯಾರ್ ಕಾಯ್ತಿದ್ರು ಅಂತ ತಿಳ್ದಿದೀಯ?" ಎಂದರು. ಆಮೇಲೆ ಉಗ್ರಾಣದ ಕಡೆ ತಿರುಗಿದರು. "ಬಾಗ್ಲು ತೆಗೀಬೌದು. ಹುಳ ಸಾಯಂಗಿಲ್ಲ. ದೀಪ ಇಲ್ದೆ ಮಾಡ್ತೀಯಾ?"

"ಬಣ್ಣ ನೋಡಿ ಜೋಡಿಸ್ಬೇಕು ಅಮ್ಮ. ಬೆಳಕಿಲ್ದೆ ಆಗಲ್ಲ."

"ಹಂಗಾರೆ ಬೆಳಕೇ ಹೊರಗೆ ಬರಬಾರ್ದು, ಹುಳಾನೂ ಒಳಗೆ ಬರಬಾರ್ದು." ಅಮ್ಮ ಸೊಸೆಯನ್ನು ಕೂಗಿದರು. "ನನ್ ಸೊಳ್ಳೆಪರದೆ ತಗಂಬಾರೇ. ಮೇಲೊಂದು ಕಪ್ಪು ಕಂಬಳಿನೂ ತಗಂಬಾ."

ಉಗ್ರಾಣದ ಮೂಟೆಗಳ ನಡುವೆ ಅಮ್ಮನೂ ಸೊಸೆಯೂ ಸೇರಿ ನನ್ನ ಮೇಲೆ ಪರದೆ ಇಳಿಸಿದರು, ಅಂಚನ್ನು ನನ್ನ ಮಂಡಿಯ ಕೆಳಗೆ ಸಿಕ್ಕಿಸಿದರು, ಮೇಲೆ ಕಂಬಳಿ ಹೊದಿಸಿದರು. ಒಳಗೆ ಟಾರ್ಚ್ ಹಚ್ಚಿದೆ. ಸೆಕೆಗೆ ಬೆವರು ಹುಬ್ಬಿನಿಂದ ಇಳಿಯುತ್ತಿತ್ತು, ಹೊಟ್ಟೆ ಗುರುಗುಟ್ಟುತ್ತಿತ್ತು. ನನ್ನ ವೃತ್ತಿಯ ಯಾವ ಪುಸ್ತಕದಲ್ಲೂ ಈ ಪಾಠ ಇರಲಿಲ್ಲ. ಹಳೇ ಕನೆಕ್ಟರ್ ಕತ್ತರಿಸಿದೆ, ಕ್ಯಾಮೆರಾದ ಕಡೆ ಹೋಗಿದ್ದ ಎಳೆಗಳನ್ನು ಬಿಡಿಸಿಕೊಂಡೆ. ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎಂಟನ್ನೂ ಬೆರಳಲ್ಲಿ ನೇವರಿಸಿ ನೇರ ಮಾಡಿ ಹೊಸ ಕನೆಕ್ಟರಿಗೆ ತೂರಿಸಿ ಒತ್ತಿದೆ. ಮೊದಲನೆಯದರಲ್ಲಿ ಕಂದು ಎಳೆ ತುದಿ ಮುಟ್ಟಿರಲಿಲ್ಲ. ಕತ್ತರಿಸಿ ಮತ್ತೆ ಮಾಡಿದೆ. ಹೊರಗಿನಿಂದ ಅಮ್ಮ, "ಉಸಿರೈತೇನಮ್ಮ?" ಎಂದು ಕೇಳುತ್ತಲೇ ಇದ್ದರು.

ಟಾರ್ಚ್ ಆರಿಸಿ ಹೊರಗೆ ಬಂದು, ಪಡಸಾಲೆಯ ತುದಿಯನ್ನೂ ಹಾಗೇ ಕಟ್ಟಿ, ಸ್ವಿಚ್ಚಿಗೆ ಸಿಕ್ಕಿಸಿದೆ. ಎರಡೂ ಕಡೆ ಆಟೋ. ದೀಪ ಆರಿಯೇ ಇತ್ತು. ಎಲ್ಲರೂ ಹಿಂದೆ ನಿಂತಿದ್ದರು.

ಆ ಕ್ಷಣದಲ್ಲಿ ತಂತಿಯೊಳಗೆ ಏನು ನಡೆಯುತ್ತದೆ ಎಂದು ನನಗೆ ಗೊತ್ತಿತ್ತು, ಪರೀಕ್ಷೆಗೆ ಓದಿ ಬರೆದಿದ್ದೆ. ಆದರೆ ಆವತ್ತಿನವರೆಗೆ ಅದನ್ನು ಕುರಿತು ಬೆರಗಾಗಿರಲಿಲ್ಲ. ಒಂದನ್ನೊಂದು ಎಂದೂ ಕಾಣದ ಎರಡು ಯಂತ್ರಗಳು ಮೊದಲು ಸಣ್ಣ ಸಣ್ಣ ಮಿಡಿತಗಳಲ್ಲಿ ನನಗೆ ಇಷ್ಟಾಗುತ್ತದೆ, ನಿನಗೆಷ್ಟಾಗುತ್ತದೆ ಎಂದು ಕೇಳಿಕೊಳ್ಳುತ್ತವೆ. ಒಪ್ಪಿದ ಮೇಲೆ ಆ ಎಂಟೆಳೆಯ ನಾಲ್ಕು ಜೋಡಿಗಳನ್ನೂ ಅಳೆಯುತ್ತವೆ. ಆಮೇಲೆ ಪ್ರತಿ ಜೋಡಿಯಲ್ಲೂ ಇಬ್ಬರೂ ಒಟ್ಟಿಗೇ ಮಾತಾಡುತ್ತಾರೆ. ಒಟ್ಟಿಗೇ ಮಾತಾಡಿದರೆ ಕೇಳುವುದು ಹೇಗೆ? ಒಂದೊಂದು ಯಂತ್ರವೂ ತಂತಿಯಲ್ಲಿ ಬಂದ ಗದ್ದಲದಿಂದ ತಾನಾಡಿದ ಮಾತನ್ನು ತಾನೇ ಕಳೆದು, ಉಳಿದದ್ದು ಎದುರಿನವರದೆಂದು ತಿಳಿಯುತ್ತದೆ. ಇದನ್ನು ಯಾರೋ ಮನುಷ್ಯರು ಕೂತು ಯೋಚಿಸಿದ್ದಾರೆ. ರಾಗಿ ಮೂಟೆಯ ಪಕ್ಕದ ಪೆಟ್ಟಿಗೆಯೂ ನಮ್ಮ ಪಡಸಾಲೆಯ ಪೆಟ್ಟಿಗೆಯೂ ಅದನ್ನೇ ಮಾಡುತ್ತಿದ್ದವು. ನನಗೆ ಮೈ ಜುಮ್ಮೆಂದಿತು.

ಹಸಿರು ದೀಪ ಹತ್ತಿತು, ನಿಂತಿತು. ಪುಟದಲ್ಲಿ ಬಂತು: ಸಾವಿರ, ಫುಲ್.

"ಹತ್ತಿತಾ?" ಅಮ್ಮ ಕೇಳಿದರು.

"ಹತ್ತಿತು ಅಮ್ಮ."

"ಹಂಗಾರೆ ನೀನು ಎರಡು ಬಾಳೆಹಣ್ಣು ತಿನ್ನು. ನಿಯಮ ನಮಗೆ, ನಿನಗಲ್ಲ. ನನ್ ಮನೇಲಿ ಹಸ್ಕೊಂಡು ಮಲಗಿದ್ಳು ಅಂತ ಅರಸೀಕೆರೆಲೆಲ್ಲ ಸಾರ್ಕೊಂಡು ಬರ್ತೀಯ."

ಆ ರಾತ್ರಿ ನಾನು ಅಲ್ಲೇ ಮಲಗಿದೆ. ಬೆಳಕು ಹರಿಯುವ ಹೊತ್ತಿಗೆ ಎಲ್ಲ ಒಳಗೆ ಸೇರಿ ಕರಡು ಚಿತ್ರ ಕಟ್ಟಿತ್ತು. ಮುಖ್ಯಸ್ಥರು ಬೇಲೂರಿನಿಂದ ಬಂದವರೇ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಂದು ಮೂಲೆಯಲ್ಲಿ, ಸಾರುವೆಯ ಕೊಳವೆಯ ಮರೆಯಲ್ಲಿ, ದೊಡ್ಡ ತೂತು ಕಂಡಿತು. ತಂಡ ಸ್ಕ್ಯಾನರ್ ಹೊತ್ತು ಬಸದಿಗೆ ಓಡಿತು. ಸಾರುವೆ ಬಿಚ್ಚುವವರು ಬಾಗಿಲಲ್ಲಿ ಬೀಡಿ ಸೇದುತ್ತಾ ಕಾಯುತ್ತಿದ್ದರು. ನಾನೂ ಅವರ ಹಿಂದೆ ಹೋಗಿ ಒಳಗೆ ನಿಂತು ಕತ್ತೆತ್ತಿ ನೋಡಿದೆ. ಕತ್ತಲು, ಕೊಳವೆಗಳು, ಕತ್ತು ನೋವು ಇಷ್ಟೇ ಸಿಕ್ಕಿತು.

ಮಧ್ಯಾಹ್ನದ ಹೊತ್ತಿಗೆ ಆ ಮೂಲೆಯೂ ಒಳಗೆ ಸೇರಿತು. ಚಿತ್ರ ಪೂರ್ತಿಯಾಯಿತು. ಮುಖ್ಯಸ್ಥರು ದೊಡ್ಡ ಪರದೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಲು ಹೊರಟರು. ಅಮ್ಮ ಮಣೆಯ ಮೇಲೆ ಕೂತಿದ್ದರು. ಅವರ ದೃಷ್ಟಿ ಎಂದಿನಂತೆ ನೆಲದ ಮೇಲಿತ್ತು.

"ಸಾರ್, ನಿಲ್ಲಿಸಬೇಡಿ. ಮಲಗಿಸಿ" ಎಂದೆ.

ಜಮಖಾನದ ಮೇಲೆ, ಅಮ್ಮನ ಮುಂದೆ, ಪರದೆಯನ್ನು ಅಂಗಾತ ಮಲಗಿಸಿದರು. ನಾನು ಬಾಗಿಲು ಮುಂದೆ ಮಾಡಿದೆ. ಭುವನೇಶ್ವರಿ ಅಮ್ಮನ ಕಣ್ಣ ಕೆಳಗೆ ತೆರೆದುಕೊಂಡಿತು. ನಡುವೆ ಹೆಡೆಯ ನೆರಳಲ್ಲಿ ಯಕ್ಷ, ಸುತ್ತ ಸುತ್ತು ಸುತ್ತಾಗಿ ಪರಿವಾರ. ಮುಖ್ಯಸ್ಥರು ಹತ್ತಿರ ತಂದರು: ಬೆರಳಿನ ಉಂಗುರ ಕಂಡಿತು. ಇನ್ನೂ ಹತ್ತಿರ: ಉಂಗುರದ ಮೇಲಿನ ಗೀರು. ಯಾರಿಗೂ ಕಾಣದ ಎತ್ತರದಲ್ಲಿ, ಕತ್ತಲಲ್ಲಿ, ಆ ಗೀರನ್ನು ಒಬ್ಬ ಮನುಷ್ಯ ಕೆತ್ತಿ ಇಟ್ಟಿದ್ದ. ನನ್ನ ಕಣ್ಣು ತುಂಬಿಬಂತು. ನಾಚಿಕೆಯಾಗಲಿಲ್ಲ.

ಅಮ್ಮ ಒಂದೊಂದು ಸುತ್ತನ್ನೂ ನೋಡುತ್ತಾ ಹೋದರು. ಸೊಸೆ ಅಡುಗೆಮನೆಯಿಂದ ಬಂದು ಕಂಬಕ್ಕೆ ಒರಗಿ ನಿಂತಳು. ಕೊನೆಗೆ ಅಮ್ಮ ಮುಖ್ಯಸ್ಥರನ್ನು ಕೇಳಿದರು:

"ಸಾಮಿ, ಇದನ್ನ ಕೆತ್ತೋನು ಮೇಲೆ ಹತ್ತಿ, ಅಂಗಾತ ಮಲಗಿ ಕೆತ್ತಿದ್ನಾ?"

"ಇಲ್ಲ ಅಮ್ಮ. ಹೆಚ್ಚಿನ ಕೆಲಸ ಕೆಳಗೇ ಆಗಿರ್ಬೇಕು. ಕಲ್ಲನ್ನ ನೆಲದ ಮೇಲೆ ಇಟ್ಕೊಂಡು, ಅದರ ಮೇಲೆ ಬಗ್ಗಿ ಕೂತು ಕೆತ್ತೋದು. ಆಮೇಲೆ ಮೇಲಕ್ಕೆ ಏರಿಸೋದು."

ಅಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಎರಡು ಅಂಗೈಗಳನ್ನೂ ಮೆಲ್ಲಗೆ ಅದರ ಅಂಚಿಗೆ ಊರಿ, ಇನ್ನೂ ಸ್ವಲ್ಪ ಬಗ್ಗಿದರು.

"ಹಂಗಾರೆ ಅವ್ನು ನೋಡ್ದಂಗೆ ನೋಡಿರೋಳು ಈ ಊರಲ್ಲಿ ನಾನೊಬ್ಳೇ ಕಣಮ್ಮ" ಎಂದರು.